ಗರ್ಭಿಣಿಗೆ ಅಂಡಾಶಯದ ಸಿಸ್ಟ್: ಕಾಯುವುದು ಯಾವಾಗ, ಓಡುವುದು ಯಾವಾಗ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹೊಸನಗರ ತಾಲ್ಲೂಕಿನವರು. ನನಗೀಗ ಒಂಬತ್ತನೇ ವಾರ. ಬಲ ಅಂಡಾಶಯದಲ್ಲಿ 4.5 ಸೆಂ.ಮೀ. ಸಾಧಾರಣ ಸಿಸ್ಟ್ (ಬರೀ ನೀರು ತುಂಬಿದ ಗುಳ್ಳೆ) ಇದೆಯೆಂದು ಸ್ಕ್ಯಾನಿಂಗ್ ವರದಿಯಲ್ಲಿದೆ. ಅದನ್ನು ಕರಗಿಸಲು ಕಷಾಯ ಮಾಡಿಕೊಡುತ್ತೇನೆಂದು ಅತ್ತೆಯವರು, ಈಗಲೇ ಆಪರೇಷನ್ ಮಾಡಿಸಿಕೋ ಎಂದು ಅಕ್ಕ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲ್ಯೂಟಿಯಂ, ಮಾಸು ತಯಾರಾಗುವವರೆಗೆ ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನ್ ಒದಗಿಸುತ್ತದೆ. ಅದರೊಳಗೆ ನೀರು ತುಂಬಿಕೊಂಡರೆ ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಆಗಿ ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಹೆಚ್ಚಿನವು ಇಂಥವೇ, 16ನೇ ವಾರದ ಹೊತ್ತಿಗೆ ತಾವಾಗಿ ಇಳಿಯುತ್ತವೆ. ಅಂದರೆ ನೀವು ತೆಗೆಸಲು ಹೊರಟಿರುವುದು ಮಗುವಿಗೆ ಈಗ ಬೇಕಾಗಿರುವುದನ್ನೇ ಆಗಿರಬಹುದು. ಏನೇನು ಬೇರು ಹಾಕಿದೆಯೆಂದು ತಿಳಿಯದ ಕಷಾಯವನ್ನು ಬಸುರಿಯಲ್ಲಿ ಕುಡಿಯಬೇಡಿ. ಅತ್ತೆಯವರಿಗೆ ನನ್ನ ಹೆಸರು ಹೇಳಿ, ಪರವಾಗಿಲ್ಲ.

14ರಿಂದ 16ನೇ ವಾರದೊಳಗೆ ಮತ್ತೊಮ್ಮೆ ಸ್ಕ್ಯಾನಿಂಗ್ ಆಗಲಿ. ಆಗಲೂ ಸಿಸ್ಟ್ ಬೆಳೆಯುತ್ತಿದ್ದರೆ, ಒಳಗೆ ಗಟ್ಟಿ ಭಾಗ ಕಂಡರೆ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ. ಎರಡನೇ ತ್ರೈಮಾಸಿಕದ ಮೊದಲ ಭಾಗ ಅದಕ್ಕೆ ಅನುಕೂಲದ ಕಾಲ. ಕ್ಯಾನ್ಸರ್ ಭಯಕ್ಕೆ ಸಿಎ-125 ರಕ್ತಪರೀಕ್ಷೆಯನ್ನು ನೀವಾಗಿಯೇ ಮಾಡಿಸಿಕೊಳ್ಳಬೇಡಿ. ಗರ್ಭಿಣಿಯರಲ್ಲಿ ಅದು ಸಹಜವಾಗಿಯೇ ಏರಿರುತ್ತದೆ, ನಿದ್ದೆಗೆಡುವುದೊಂದೇ ಲಾಭ.

ಪ್ರಶ್ನೆ: ಸಿಸ್ಟ್ ತಿರುಚಿಕೊಳ್ಳುತ್ತದೆ ಎನ್ನುತ್ತಾರಲ್ಲ ಮೇಡಂ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ಉತ್ತರ: ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿಯೇ. ಅಂಡಾಶಯವು ಸಿಸ್ಟ್‌ನ ಭಾರಕ್ಕೆ ತನ್ನ ತೊಟ್ಟಿನ ಮೇಲೆಯೇ ತಿರುಚಿಕೊಂಡರೆ ರಕ್ತಸಂಚಾರ ನಿಲ್ಲುತ್ತದೆ. ಕೆಳಹೊಟ್ಟೆಯ ಒಂದೇ ಬದಿಗೆ ಇದ್ದಕ್ಕಿದ್ದಂತೆ ಹಿಂಡಿದಂಥ ನೋವು, ಜೊತೆಗೆ ವಾಂತಿ. ಕೆಲವೊಮ್ಮೆ ನೋವು ಬಂದು ಬಿಟ್ಟು ಮತ್ತೆ ಬರುತ್ತದೆ. ಬಸುರಿಯ ವಾಂತಿ, ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಾಗಲಿ ಎಂದು ಮಲಗಿದವರನ್ನು ನಾನು ಕಂಡಿದ್ದೇನೆ. ಹಾಗೆ ಕಾಯಬಾರದು, ತಲೆಸುತ್ತು, ರಕ್ತಸ್ರಾವ ಕಂಡರೂ ಅಷ್ಟೇ. ಅಂಡಾಶಯ ತಿರುಚಿಕೊಂಡಿದ್ದರೆ ಎಷ್ಟನೇ ವಾರವಾದರೂ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. 10ನೇ ವಾರಕ್ಕೆ ಮೊದಲು ಕಾರ್ಪಸ್ ಲ್ಯೂಟಿಯಂ ತೆಗೆಯಬೇಕಾಗಿ ಬಂದರೆ ಪ್ರೊಜೆಸ್ಟರಾನ್ ಔಷಧಿಯನ್ನು ಹೊರಗಿನಿಂದ ಕೊಡುತ್ತಾರೆ.

ನಿಮ್ಮೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮಳೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಈಗಲೇ ಲೆಕ್ಕ ಹಾಕಿ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ, 108 ಬರುವುದು ತಡವಾದರೆ ಯಾರ ಜೀಪು ಎಂಬುದು ಆಶಾ ಕಾರ್ಯಕರ್ತೆಗೂ ಗೊತ್ತಿರಲಿ. ಹೊರಟ ಮೇಲೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಸ್ಕ್ಯಾನಿಂಗ್ ವರದಿಯನ್ನು ಬೀರುವಿನಲ್ಲಿಡದೆ, ತಾಯಿ ಕಾರ್ಡಿನೊಳಗೆ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.