ಪದಚರ್ಚೆ: ಸೂಕ್ಷ್ಮಜೀವಿಗಳ ‘ನ್ಯಾಚುರಲ್ ಪ್ರಾಡಕ್ಟ್’ಗೆ ‘ಸೊನೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ನ್ಯಾಚುರಲ್ ಪ್ರಾಡಕ್ಟ್’ ಎಂಬ ಒಂದು ಪದ ನಾಲ್ಕು ದಿನದಿಂದ ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ.

ಮೊದಲು ‘ನೈಸರ್ಗಿಕ ಉತ್ಪನ್ನ’ ಎಂದೇ ಬರೆದೆ. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಓದಲು ಕೊಟ್ಟರೆ, ‘ಅಂದ್ರೆ ಜೇನುತುಪ್ಪ, ಸೀಗೆಪುಡಿ ಥರದ್ದಾ ಮಾಮ?’ ಎಂದಳು. ಅವಳು ಕೇಳಿದ್ದು ಸರಿಯಾಗೇ ಇದೆ. ಸೋಪಿನ ಪೊಟ್ಟಣದ ಮೇಲೂ ಅದೇ ಮಾತು ಇರುತ್ತದಲ್ವಾ? ವಿಜ್ಞಾನಿಗಳು ಹೇಳುವುದು ಬೇರೆಯೇ. ಒಂದು ಜೀವಿ ತನ್ನೊಳಗೆ ತಾನೇ ಕಟ್ಟುವ ಸಣ್ಣ ಅಣು ಅದು. ಬರೀ ಬೆಳೆಯುವುದಕ್ಕೆ ಅದು ಬೇಕೇ ಬೇಕು ಅಂತಿಲ್ಲ. ಎದುರಾಳಿಯನ್ನು ತಡೆಯಲು, ಪಕ್ಕದ ಜೀವಿಗೆ ಸುದ್ದಿ ಮುಟ್ಟಿಸಲು ಬೇಕಾಗುತ್ತದೆ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಅಂಥದ್ದು. ಕ್ಷಯಕ್ಕೆ ಮದ್ದಾಗಿ ಬಂತು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲಿರುವ ಜಿಯೋಸ್ಮಿನ್ ಕೂಡ ಅಂಥದ್ದೇ.

‘ದ್ವಿತೀಯಕ ಚಯಾಪಚಯಜ’ (ಇಂಗ್ಲಿಷಿನ ‘ಸೆಕೆಂಡರಿ ಮೆಟಬೊಲೈಟ್’) ಎಂಬ ಪದವನ್ನೂ ಯೋಚಿಸಿದೆ. ಅರ್ಥ ಕೂಡುತ್ತದೆ. ಆದರೆ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ‘ದ್ವಿತೀಯ’ ಎಂದ ಕೂಡಲೇ ಏನೋ ಕಡಿಮೆ ದರ್ಜೆಯದು ಅನಿಸಿಬಿಡುತ್ತದೆ.

ಆಗ ಹೊಳೆದದ್ದು ‘ಸೊನೆ’. ಮಾವಿನಕಾಯಿಯ ತೊಟ್ಟು ಮುರಿದರೆ ಚಿಮ್ಮುತ್ತದಲ್ಲ, ಅದೇ. ತುಟಿಗೆ ತಾಗಿದರೆ ಸುಡುತ್ತದೆ. ಮರ ಅದನ್ನು ಯಾರಿಂದಲೂ ತಂದದ್ದಲ್ಲ, ತಾನೇ ಮಾಡಿಕೊಂಡದ್ದು. ಬ್ಯಾಕ್ಟೀರಿಯಾದ ಕಥೆಯೂ ಹೀಗೇ ಇದೆ. ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಸ್ಟ್ರೆಪ್ಟೊಮೈಸಿಸ್‌ನಿಂದ ಬಂದವು. ಬ್ಯಾಕ್ಟೀರಿಯಾವನ್ನು ತಿನ್ನುವ ಫೇಜ್ ವೈರಸ್‌ಗಳನ್ನು ಇಂಥ ಅಣುಗಳು ತಡೆಯುತ್ತವೆ ಎಂದು 2018ರಲ್ಲಿ ತೋರಿಸಿಕೊಟ್ಟರು. ಅದನ್ನು ಓದಿದಾಗಿನಿಂದ ‘ಸೊನೆ’ ನನ್ನ ತಲೆಯಿಂದ ಹೋಗಿಲ್ಲ.

ತೊಡಕೂ ಇದೆ. ಸೊನೆ ಹತ್ತಾರು ಅಣುಗಳ ಬೆರಕೆ. ನನಗೆ ಬೇಕಿರುವುದು ಒಂದೊಂದೇ ಅಣುವಿಗೆ ಹೆಸರು. ‘ಸೊನೆಯಣು’ ಎನ್ನೋಣವೇ? ಕನ್ನಡ, ಸಂಸ್ಕೃತ ಕೂಡಿಸಿದ್ದರಿಂದ ಅರಿಸಮಾಸ ಎಂದು ಹಿರಿಯರು ಬೇಡ ಅನ್ನಬಹುದು. ಆದರೆ ‘ವೈರಾಣು’ವನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಅದರಲ್ಲಿ ವೈರಸ್ಸಿನ ಸದ್ದೂ ಇದೆ, ‘ವೈರ’ದ ಅರ್ಥವೂ ಇದೆ. (ಲ್ಯಾಟಿನ್ನಿನಲ್ಲಿ ‘ವೈರಸ್’ ಎಂದರೆ ವಿಷ. ನಮ್ಮ ‘ನಂಜು’ ಅದಕ್ಕೆ ಹತ್ತಿರ. ‘ನಂಜುಳ’ ಎಂದು ಬರೆಯುವವರೂ ಇದ್ದಾರೆ.) ಆದರೂ ಫೇಜ್‌ಗೆ ‘ವೈರಾಣು’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಅದು ಸೋಂಕು ತಗುಲಿಸುವುದು ಬ್ಯಾಕ್ಟೀರಿಯಾಕ್ಕೆ, ನಮ್ಮ ಜೀವಕೋಶಗಳಿಗಲ್ಲ.

ಇನ್ನೊಂದು ಪದ ‘ಜೀನ್ ಕ್ಲಸ್ಟರ್’. ಇಂಥ ಒಂದು ಅಣು ಕಟ್ಟಲು ಬೇಕಾದ ಜೀನ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. 2002ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್, ಸ್ಯಾಂಗರ್ ಇನ್‌ಸ್ಟಿಟ್ಯೂಟ್ ಮಂದಿ ಸೇರಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಬ್ಯಾಕ್ಟೀರಿಯಾದ ಜೀನೋಮ್ (ಅಂದರೆ ಅದರ ಇಡೀ ಡಿಎನ್‌ಎ) ಓದಿ ಮುಗಿಸಿದರು. ಸುಮಾರು 87 ಲಕ್ಷ ಅಕ್ಷರ, 7,825 ಜೀನ್. ಅಲ್ಲಿಯವರೆಗೆ ಅದು ಮಾಡುವ ಬೆರಳೆಣಿಕೆಯ ಅಣುಗಳಷ್ಟೇ ಗೊತ್ತಿದ್ದವು. ಕ್ಲಸ್ಟರ್‌ಗಳು ಮಾತ್ರ 20ಕ್ಕೂ ಜಾಸ್ತಿ ಕಂಡವು. ಕ್ಯಾಲಿಫೋರ್ನಿಯಾದ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್ ಈಗ ಇಂಥ ಕೆಲಸವನ್ನು ದೊಡ್ಡದಾಗಿ ಮಾಡುತ್ತದೆ. 1997ರಲ್ಲಿ ಶುರುವಾದದ್ದು. ಬೇರೆ ಬೇರೆ ದೇಶದ ಸಂಶೋಧಕರು ಪ್ರಸ್ತಾವ ಕಳಿಸುತ್ತಾರೆ, ಒಪ್ಪಿಗೆಯಾದರೆ ಅಲ್ಲಿ ಡಿಎನ್‌ಎ ಓದಿಕೊಡುತ್ತಾರೆ. ಹೀಗೆ ಸಿಕ್ಕ ಕ್ಲಸ್ಟರ್‌ಗಳಿಗೂ ವೈರಸ್‌ಗಳಿಗೂ ಬೇರೆ ಬೇರೆ ಪಟ್ಟಿ ಇಟ್ಟು ಎಲ್ಲರಿಗೂ ತೆರೆದಿದ್ದಾರೆ.

‘ಗುಚ್ಛ’ಕ್ಕಿಂತ ‘ಗೊಂಚಲು’ ಒಳ್ಳೆಯದು ಎಂದು ನನ್ನ ಅನಿಸಿಕೆ. ದ್ರಾಕ್ಷಿಯ ಗೊಂಚಲಿನಲ್ಲಿ ಎಲ್ಲ ಕಾಯಿಯೂ ಒಂದೇ ಥರ, ಇಲ್ಲಿ ಒಂದೊಂದು ಜೀನ್‌ಗೆ ಒಂದೊಂದು ಕೆಲಸ, ನಿಜ. ಆದರೆ ಒಂದೇ ತೊಟ್ಟಿಗೆ ಜೋತಿರುವ ಭಾವ ಬರುತ್ತದೆ. ಲ್ಯಾಬಿನಲ್ಲಿ ಬೆಳೆಸಿದಾಗ ಎಷ್ಟೋ ಕ್ಲಸ್ಟರ್‌ಗಳು ಏನನ್ನೂ ಮಾಡದೆ ಇದ್ದುಬಿಡುತ್ತವೆ. ಅವಕ್ಕೆ ‘ಸುಮ್ಮನಿರುವ ಗೊಂಚಲು’ ಎಂದರೆ ಮಗು ಕೂಡ ಹಿಡಿದುಕೊಳ್ಳುತ್ತದೆ.

ಕೊನೆಗೆ ಮತ್ತೆ ಸೊನೆಯ ಮಾತು. ಹಲಸಿನ ಅಂಟಿಗೆ ನಮ್ಮ ಕಡೆ ‘ಮೇಣ’ ಅನ್ನುತ್ತೇವೆ, ಮಾವಿನದಕ್ಕೆ ‘ಸೊನೆ’. ನಿಮ್ಮ ಊರಲ್ಲಿ ಏನಂತೀರಿ? ಎಕ್ಕದ ಹಾಲಿಗೆ, ಕಳ್ಳಿಯ ಹಾಲಿಗೆ ಬೇರೆ ಮಾತು ಉಂಟೇ? ಅಮ್ಮ, ಅಜ್ಜಿಯನ್ನು ಕೇಳಿಯಾದರೂ ತಿಳಿಸಿ. ‘ಸೊನೆಯಣು’ ಕಿವಿಗೆ ಒರಟು ಅನಿಸಿದರೆ ಅದನ್ನೂ ನೇರವಾಗಿ ಹೇಳಿ.