ಕೆರೆ ಹೂಳು ತೆಗೆಸುತ್ತಿದ್ದೇವೆ: ಜೊಂಡು ಪೂರ್ತಿ ಕೀಳಿಸಬೇಕಾ? ಯಾವ ಮೀನು ಬಿಡಬೇಕು?

ಮದ್ದೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿಗೆ ದೂರ ಏನಲ್ಲ. ಊರ ಕೆರೆ ಮುಕ್ಕಾಲು ಬತ್ತಿದೆ, ಹೂಳು ತೆಗೆಸೋಣ ಅಂತ ಹುಡುಗರೆಲ್ಲ ಚಂದಾ ಎತ್ತಿದ್ದೇವೆ. ಸೋಮವಾರ ಜೆಸಿಬಿ ಬರುತ್ತದೆ. "ಸುತ್ತ ಜೊಂಡು ಕಿತ್ತು ಒಂದೇ ಸಮ ಆಳ ಮಾಡ್ಬಿಡ್ಲಾ ಅಣ್ಣ?" ಅಂತ ಜೆಸಿಬಿಯವನು ಕೇಳುತ್ತಿದ್ದಾನೆ.

ಇನ್ನೊಂದು ತಲೆನೋವು ಮೀನಿಂದು. ಸೊಳ್ಳೆಗೆ ಗ್ಯಾಂಬೂಷಿಯಾ ಮೀನು ಬಿಡಿ ಅಂತ ಒಬ್ಬರು. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಬಿಟ್ಟರೆ ಜೊಂಡು ತಾನೇ ಖಾಲಿಯಾಗುತ್ತೆ ಅಂತ ಇನ್ನೊಬ್ಬರು. ಜಿಲೇಬಿ ಮೀನು (ತಿಲಾಪಿಯಾ) ಬಿಟ್ಟರೆ ಬೇಗ ದುಡ್ಡು ಅಂತ ಮತ್ತೊಬ್ಬರು. ತಾತ ಹೇಳುತ್ತಿದ್ದ ಕೊರವ, ಚೇಳು ಮೀನು ಈಗ ಅಪರೂಪ. ಅವು ಮತ್ತೆ ಬರೋ ಹಾಗೆ ಮಾಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪಾಂಡವಪುರ ಮೇಷ್ಟ್ರು:

ತಮ್ಮಾ, ಮೊದಲು ಆ ಜೆಸಿಬಿಯವನಿಗೆ ಫೋನ್ ಮಾಡಿ "ಒಂದೇ ಸಮ ಬೇಡ" ಅಂದುಬಿಡು. ಮಿಕ್ಕಿದ್ದು ಆಮೇಲೆ ಓದು.

ಹೂಳು ತೆಗೆಸುವುದು ತಪ್ಪಲ್ಲ. ಏರಿ ಕಡೆ, ತೂಬಿನ ಮುಂದೆ ಆಳ ಇರಲಿ. ಬೇಸಿಗೆಯಲ್ಲಿ ಮೀನಿಗೆ ನೀರು ಉಳಿಯುವುದೇ ಅಲ್ಲಿ. ಆದರೆ ಹಳ್ಳದ ನೀರು ಒಳಗೆ ಬರುವ ಕಡೆ ಕೆರೆ ಅಂಗಳ ಮೆಲ್ಲಗೆ ಇಳಿಜಾರಾಗಿಯೇ ಇರಬೇಕು. ಮೊಣಕಾಲುದ್ದ ನೀರು, ಅದರಲ್ಲಿ ಜೊಂಡು, ಆಪು, ನೈದಿಲೆ. ಮೀನು ಮರಿ ಮಾಡುವುದು, ಕಪ್ಪೆ ಮೊಟ್ಟೆ ಇಡುವುದು, ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೆ ಬೆಳೆಯುವುದು ಎಲ್ಲ ಆ ಅಂಚಿನಲ್ಲೇ. ಸುತ್ತ ನೇರವಾಗಿ ಕೆತ್ತಿ, ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಮಾಡಿದರೆ ಅದು ದೊಡ್ಡ ಸಿಮೆಂಟ್ ತೊಟ್ಟಿ ಥರ ಆಗುತ್ತದೆ ಅಷ್ಟೆ. ಉದ್ಘಾಟನೆಯ ಫೋಟೋಗೆ ಚೆನ್ನಾಗಿರುತ್ತದೆ, ಅದು ಬೇರೆ ಮಾತು.

ಕೊರವ ಕೇಳಿದೆಯಲ್ಲ, ಅದನ್ನೇ ತಗೋ. ಗಂಡು ಹೆಣ್ಣು ಸೇರಿ ಗಿಡಗಳ ನಡುವೆ ಒಂದಿಷ್ಟು ಜಾಗ ತೆರವು ಮಾಡಿಕೊಳ್ಳುತ್ತವೆ. ಮೊಟ್ಟೆ ಅಲ್ಲೇ ನೀರ ಮೇಲೆ ತೇಲುತ್ತವೆ. ಮರಿ ಆದಮೇಲೆ ನೋಡಬೇಕು ನೀನು. ಕೆಂಪು ಕೆಂಪಾಗಿ ಒಂದೇ ಗುಂಪಾಗಿ ಓಡಾಡುತ್ತವೆ, ಉಸಿರಿಗೆ ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ, ನೀರ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಕೆಳಗೆ ದೊಡ್ಡ ಕೊರವ ಕಾವಲಿರುತ್ತದೆ. ಕೈ ಹಾಕಿದರೆ ಮೈಮೇಲೇ ಬರುತ್ತದೆ. ನಮ್ಮವರು ಈ ಗುಂಪು ಕಂಡ ತಕ್ಷಣ ಅಲ್ಲೇ ಗಾಳ ಬಿಟ್ಟು ಕಾವಲಿನ ಮೀನನ್ನೇ ಎತ್ತುತ್ತಾರೆ. ಮರಿಗಳನ್ನು ಮಿಕ್ಕ ಮೀನು, ಹಕ್ಕಿ ಮುಗಿಸುತ್ತವೆ. ನಿಮ್ಮೂರಲ್ಲಿ ಇದೊಂದನ್ನು ನಿಲ್ಲಿಸಿದರೂ ಸಾಕು.

ಕೆರೆ ಬತ್ತಿದರೆ ಕೊರವ ಹಸಿ ಕೆಸರಿನೊಳಗೆ ಹೊಕ್ಕು ಮಳೆಗೆ ಕಾಯುತ್ತದೆ. ಅದಕ್ಕೇ ಹೇಳಿದ್ದು, ಅಂಗಳದ ಕೆಸರನ್ನೆಲ್ಲ ಒಂದೇ ಬೇಸಿಗೆಯಲ್ಲಿ ಟ್ರ್ಯಾಕ್ಟರ್‌ಗೆ ತುಂಬಿ ಗದ್ದೆಗೆ ಹೊಡೆಯಬೇಡಿ. ಅದರ ಜೊತೆ ಚಿಪ್ಪು, ಬಸವನಹುಳು, ನೈದಿಲೆ ಗೆಡ್ಡೆ ಎಲ್ಲ ಹೋಗುತ್ತದೆ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ.

ಇನ್ನು ಮೀನು. ಹುಲ್ಲುಗೆಂಡೆ ನಮ್ಮ ದೇಶಕ್ಕೆ 1959ರಲ್ಲಿ ಬಂದದ್ದು. ಅದು ಗಟ್ಟಿ ಜೊಂಡಿನ ತಂಟೆಗೆ ಅಷ್ಟಾಗಿ ಹೋಗಲ್ಲ, ನೀರೊಳಗಿನ ಮೆತ್ತನೆ ಗಿಡಗಳನ್ನು ಮೊದಲು ಬೋಳಿಸುತ್ತದೆ. ನಿನಗೆ ಬೇಕಾದ್ದು ಹೋಗಿ ಬೇಡದ್ದು ಉಳಿಯುತ್ತದೆ. ಜಿಲೇಬಿ 1952ರಿಂದ ಇದೆ. ಹೆಣ್ಣು ಮೊಟ್ಟೆ ಮರಿ ಎಲ್ಲ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ, ಹಾಗಾಗಿ ಸಂಖ್ಯೆ ವಿಪರೀತ ಬೆಳೆಯುತ್ತದೆ. ಕೊನೆಗೆ ಮೇವು ಸಾಲದೆ ಅಂಗೈಗಿಂತ ದೊಡ್ಡದಾಗುವುದೇ ಇಲ್ಲ. ದುಡ್ಡು ಎಲ್ಲಿಂದ ಬರಬೇಕು? ಆಫ್ರಿಕಾದ ಕ್ಯಾಟ್‌ಫಿಶ್ ಹೆಸರು ಯಾರಾದರೂ ಎತ್ತಿದರೆ ಬಾಯಿ ಮುಚ್ಚಿಸು, ಅದನ್ನು ಸಾಕುವುದಕ್ಕೇ ನಿಷೇಧ ಇದೆ.

ಗ್ಯಾಂಬೂಷಿಯಾ ಸೊಳ್ಳೆ ಮರಿ ತಿನ್ನುತ್ತದೆ, ನಿಜ. ಕಪ್ಪೆಯ ಗೊದಮೊಟ್ಟೆ, ಬೇರೆ ಮೀನಿನ ಮೊಟ್ಟೆಯನ್ನೂ ಬಿಡಲ್ಲ. ನಮ್ಮ ನಾಲೆ ಗುಂಡಿಗಳಲ್ಲೇ ಬೆರಳುದ್ದದ ಒಂದು ಮೀನಿದೆ, ನೆತ್ತಿ ಮೇಲೆ ಬೆಳ್ಳಿ ಚುಕ್ಕೆ, ಯಾವಾಗಲೂ ನೀರಿನ ಮೇಲ್ಗಡೆಯೇ ಇರುತ್ತದೆ. ಸೊಳ್ಳೆ ಮರಿಗೆ ಅದೇ ಸಾಕು.

ಮೀನು ಗುತ್ತಿಗೆ, ಮಳವಳ್ಳಿ:

ಮೇಷ್ಟ್ರೇ, ಮಾತು ಚೆನ್ನಾಗಿದೆ. ಆದರೆ ಗುತ್ತಿಗೆ ದುಡ್ಡು ಕಟ್ಟೋರು ನಾವು. ಕೊರವ ಜಾಸ್ತಿ ಆದರೆ ನಾವು ಬಿಟ್ಟ ಕಾಟ್ಲಾ, ರೋಹು ಮರಿನೇ ನುಂಗುತ್ತದೆ. ಜೊಂಡು ಇದ್ದರೆ ಬಲೆ ಎಳೆಯೋಕಾಗಲ್ಲ. ಮತ್ತೆ ಜಿಲೇಬಿ ನಾವು ಬಿಟ್ಟದ್ದಲ್ಲ, ನಾಲೆ ನೀರಲ್ಲಿ ತಾನೇ ಬರುತ್ತದೆ. ಅದಕ್ಕೇನು ಮಾಡ್ತೀರಿ?

ಪಾಂಡವಪುರ ಮೇಷ್ಟ್ರು:

ನಿಮ್ಮ ಮಾತಲ್ಲಿ ಹುರುಳಿದೆ. ನಾಲೆಯಲ್ಲಿ ಬರುವುದನ್ನು ತಡೆಯೋದು ಕಷ್ಟ, ಆದರೆ ನಾವಾಗೇ ತಂದು ಸುರಿಯೋದು ಬೇಡ. ಕಾಟ್ಲಾ, ರೋಹು ಕೂಡ ಗಂಗೆ ಕಡೆಯವು. ನಿಂತ ನೀರಲ್ಲಿ ಮರಿ ಮಾಡಲ್ಲ, ಅದಕ್ಕೇ ನೀವು ವರ್ಷಾ ವರ್ಷ ಬಿಡಬೇಕು. ಹಾಗಾಗಿ ಊರ ಕೆರೆಗೆ ಅವು ಅಷ್ಟು ಅಪಾಯ ಅಲ್ಲ. ಸಣ್ಣ ಮರಿ ಬದಲು ಬೆರಳುದ್ದ ದಾಟಿದ್ದನ್ನು ಬಿಡಿ, ಕೊರವನ ಬಾಯಿಗೆ ಕಮ್ಮಿ ಹೋಗುತ್ತದೆ. ಬಲೆ ಎಳೆಯೋದು ಏರಿ ಕಡೆ, ಆಳದಲ್ಲಿ. ಜೊಂಡು ಇರೋದು ಆಚೆ ದಡ. ಜಗಳ ಎಲ್ಲಿದೆ? ಸಂತೆಯಲ್ಲಿ ಜೀವಂತ ಕೊರವನ ರೇಟು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಒಳ್ಳೇದಕ್ಕೆ ಅಂತ ಮೀನು ಬಿಟ್ಟು ಏನಾಯ್ತು ಅಂತ ನೋಡೋಕೆ ನೀವು ದೂರ ಹೋಗಬೇಕಿಲ್ಲ, ನಿಮ್ಮ ತಾಲ್ಲೂಕಿನ ಭೀಮೇಶ್ವರಿಗೇ ಹೋಗಿ. ಕಾವೇರಿಯ ಡುಬ್ಬದ ಮಹಶೀರ್ ಮೀನು, ಕಿತ್ತಳೆ ರೆಕ್ಕೆಯದು, ಹೊರದೇಶದವರು ಗಾಳ ಹಿಡಿದು ಬರುತ್ತಿದ್ದುದೇ ಅದಕ್ಕೆ. ಮಹಶೀರ್ ಹೆಚ್ಚಲಿ ಅಂತ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಜಾತಿಯ ಮರಿಗಳನ್ನು ಹೊಳೆಗೆ ಬಿಟ್ಟರು. ನೀಲಿ ರೆಕ್ಕೆಯದು ಹಬ್ಬಿತು, ನಮ್ಮದು ಕರಗಿತು. ಅಣೆಕಟ್ಟು, ಮರಳು, ಡೈನಮೈಟ್ ಎಲ್ಲ ಸೇರಿ ಹೊಡೆತ ಕೊಟ್ಟಿವೆ ಅನ್ನಿ. 2018ರಲ್ಲಿ ನಮ್ಮ ಡುಬ್ಬದ ಮಹಶೀರ್ ಟಾರ್ ರೆಮಾದೇವಿ ಅನ್ನುವ ಜಾತಿ ಅಂತ ಗುರುತಾಯಿತು, ಅದೇ ವರ್ಷ ಅಳಿವಿನ ಕೊನೆಯ ಅಂಚಿನಲ್ಲಿರುವ ಪಟ್ಟಿಗೂ ಸೇರಿತು.

ಲಿಂಗಾಂಬುಧಿ ದಡದವಳು:

ಮೈಸೂರಿನಿಂದ ಒಂದು ಮಾತು. ಹಕ್ಕಿ ನೋಡೋದು ನನ್ನ ಹುಚ್ಚು. ನಿಮ್ಮ ಪಕ್ಕದ ಬೆಳ್ಳೂರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಮರಿ ಮಾಡೋದೇ ಈ ತಿಂಗಳುಗಳಲ್ಲಿ. ಮರಿಗೆ ಮೀನು ತರೋದು ನಿಮ್ಮಂಥ ಕೆರೆಗಳಿಂದ. ಹೆಜ್ಜಾರ್ಲೆ ಈಜುತ್ತಾ ಹಿಡಿಯುತ್ತದೆ, ಅದಕ್ಕೆ ಆಳವಾದರೂ ನಡೆಯುತ್ತದೆ. ಬಣ್ಣದ ಕೊಕ್ಕರೆಗೆ ನಡೆಯಲ್ಲ. ಅದು ಕಾಲು ಮುಳುಗುವಷ್ಟು ನೀರಲ್ಲಿ ನಿಂತು, ಅರ್ಧ ತೆರೆದ ಕೊಕ್ಕನ್ನು ನೀರೊಳಗಿಟ್ಟು, ಕಾಲಿಂದ ಕೆಸರು ಕಲಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕೂಡಲೇ ಟಪ್ ಅಂತ ಮುಚ್ಚುತ್ತದೆ. ಕಣ್ಣಿಗೆ ಕಾಣಬೇಕು ಅಂತಲೂ ಇಲ್ಲ. ಎಲ್ಲ ಕಡೆ ಆಳ ಮಾಡಿದರೆ ಅದಕ್ಕೆ ನಿಲ್ಲೋಕೇ ಜಾಗ ಇರಲ್ಲ. ಈಗ ಉಳಿದಿರುವ ನೀರನ್ನು ಪಂಪ್ ಹಾಕಿ ಖಾಲಿ ಮಾಡಬೇಡಿ. ಕೆರೆ ಒಳಗಿನ ಜಾಲಿ ಮರಗಳನ್ನೂ ಹಾಗೇ ಬಿಡಿ.

ಮದ್ದೂರು ಹುಡುಗ:

ಮೇಷ್ಟ್ರೇ, ಮೇಡಂ, ಗುತ್ತಿಗೆ ಅಣ್ಣ, ತುಂಬಾ ಥ್ಯಾಂಕ್ಸ್. ಎಲ್ಲಿಗೆ ನಿಲ್ಲಿಸಬೇಕು ಅಂತ ಜೆಸಿಬಿಯವನಿಗೆ ಸುಣ್ಣದ ಗೆರೆ ಹಾಕಿಕೊಡುತ್ತೇವೆ. ಒಂದು ಮೂಲೆಯಲ್ಲಿ ನೇರಳೆ ಹೂವಿನ ಅಂತರಗಂಗೆ ಇದೆ. ಅದನ್ನೂ ಬಿಡಬೇಕಾ?

ಪಾಂಡವಪುರ ಮೇಷ್ಟ್ರು:

ಅಯ್ಯೋ, ಅದನ್ನು ಬಿಡಬೇಡ! ದಕ್ಷಿಣ ಅಮೆರಿಕದ್ದು ಅದು. ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತದೆ. ಹೂ ಬಿಡುವ ಮುಂಚೆ ಬುಡಸಮೇತ ಎತ್ತಿಸಿ. ಬೀಜ ಕೆಸರಲ್ಲಿ ವರ್ಷಗಟ್ಟಲೆ ಇರುತ್ತದೆ, ಹಾಗಾಗಿ ಮಳೆಗಾಲ ಆದಮೇಲೂ ಒಂದು ಕಣ್ಣಿಡಿ. ಕಿತ್ತದ್ದನ್ನು ದಡದಲ್ಲೇ ರಾಶಿ ಹಾಕಬೇಡಿ, ಮಳೆ ಬಂದರೆ ಜಾರಿ ವಾಪಸ್ ನೀರಿಗೇ ಹೋಗುತ್ತದೆ. ಏರಿಯಿಂದ ಆಚೆ ಒಣಗಿಸಿ ತಿಪ್ಪೆಗೆ ಹಾಕಿ.

ಇನ್ನೊಂದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಿಮ್ಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿ ಬರೆದಿಡುವ ಒಂದು ದಾಖಲೆಯೂ ಇರಬೇಕು. ಪಿಡಿಒ ಹತ್ತಿರ ಕೇಳು. ತಾತನನ್ನು ಕೂರಿಸಿಕೊಂಡು ಅವರಿಗೆ ಗೊತ್ತಿರುವ ಮೀನಿನ ಹೆಸರೆಲ್ಲ ಅದರಲ್ಲಿ ಬರೆಸು. ಜೆಸಿಬಿ ಬರುವ ಮೊದಲೇ ಆದರೆ ಇನ್ನೂ ಒಳ್ಳೇದು.