ಹಾವಸೆಯ ಸಾಕ್ಷಿ

ಬದಿಯಡ್ಕದ ಕಡೆ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಬಾವಿಕಟ್ಟೆಯ ಹಾವಸೆಯಲ್ಲಿ ಜಾರಿ ಬಿದ್ದ ಶಂಕರ ಭಾವ ಸೊಂಟ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದರು.

“ಉಳಿದ ಮೈಲುತುತ್ತನ್ನೆಲ್ಲ ಆ ಹಾವಸೆಯ ಮೇಲೆ ಸುರಿಯುತ್ತೇನೆ!”

“ಅದು ಆಗಲೇ ಬೇಕಾದಷ್ಟು ಕುಡಿದಿದೆ,” ಎಂದರು ನಿವೃತ್ತ ಮಾಸ್ತರರು. “ಅದಕ್ಕೆ ನಿಜವಾದ ಬೇರಿಲ್ಲ. ಎಲೆಯೋ, ಹೆಚ್ಚಿನ ಕಡೆ ಒಂದೇ ಜೀವಕೋಶದಷ್ಟು ತೆಳು. ಮಳೆನೀರು, ಧೂಳು, ನೀವು ಅಡಿಕೆಯ ಕೊಳೆರೋಗ ಮಹಾಳಿಗೆ ಹೊಡೆದ ತುತ್ತು-ಸುಣ್ಣದ ಬೋರ್ಡೋ ದ್ರಾವಣ, ಏನು ಬಿದ್ದರೂ ಮೈಯಿಂದಲೇ ಹೀರುತ್ತದೆ.”

“ತುತ್ತಿನ ತಾಮ್ರ ಕುಡಿದೂ ಸಾಯುವುದಿಲ್ಲವೇ?”

“ಬಂದ ನೆಂಟರಲ್ಲಿ ಬಹಳ ಮಂದಿ ಜಗಲಿಯಲ್ಲೇ ಕುಳಿತುಬಿಡುತ್ತಾರೆ. ಕೋಶದ ಗೋಡೆಯ ಋಣ ವಿದ್ಯುದಂಶ ಲೋಹದ ಅಯಾನುಗಳನ್ನು ಅಲ್ಲೇ ಹಿಡಿದಿಡುತ್ತದೆ. ಅಡುಗೆಮನೆಗೆ ನುಗ್ಗಿದವರದ್ದೇ ರಗಳೆ. ಒಳಗಿನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ತಾಮ್ರ ಸೇರಿದರೆ ಹೈಡ್ರಾಕ್ಸಿಲ್ ಎಂಬ ಪುಂಡು ಕಣ ಹುಟ್ಟಿ ಪೊರೆಯ ಕೊಬ್ಬನ್ನು ಕೆಡಿಸುತ್ತದೆ, ಹಸುರು ಮಾಸುತ್ತದೆ. ಇದೇ ಉತ್ಕರ್ಷಣ ಒತ್ತಡ. ತಡೆಯಲು ಕ್ಯಾಟಲೇಸ್‌ನಂಥ ಕಿಣ್ವಗಳಿವೆ. ತಮಾಷೆಯೆಂದರೆ ಅಂಥ ಒಂದು ಕಾವಲುಗಾರ ಕಿಣ್ವಕ್ಕೂ ಚೂರು ತಾಮ್ರ ಬೇಕು.”

“ಕಳ್ಳನ ಅಣ್ಣನೇ ಪೋಲೀಸು!” ಆಚೆಮನೆ ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ನಕ್ಕರು.

ಮಾಸ್ತರರು ಇನ್ನು ನಿಲ್ಲುವವರಲ್ಲ. 1968ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳಾದ ರೂಲಿಂಗ್ ಮತ್ತು ಟೈಲರ್ ಹಾವಸೆಯಲ್ಲಿ ಸೀಸದ ಜಾಡು ಹಿಡಿದದ್ದು, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಮರಗಳಿಂದ ಕಿತ್ತ ಹಾವಸೆಯ 346 ಮಾದರಿಗಳು ಕ್ಯಾಡ್ಮಿಯಂ ಎಂಬ ವಿಷಲೋಹದ ವಿಷಯದಲ್ಲಿ ಬಣ್ಣದ ಗಾಜಿನ ಕಾರ್ಖಾನೆಗಳತ್ತ ಬೆರಳು ತೋರಿಸಿದ್ದು, ಎಲ್ಲವೂ ಬಂದವು.

“ಅಂದರೆ ಅಡಿಕೆ ಮರದ ಹಾವಸೆಯೂ ಲೆಕ್ಕ ಬರೆದಿಟ್ಟಿರುತ್ತದೆಯೇ?” ಎಂದು ನಾನು ಸುಮ್ಮನೆ ಕೇಳಿದೆ. ಸುಮ್ಮನೆ ಕೇಳಬಾರದಿತ್ತು. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಎರಡು ಸಲ ಹೊಡೆದೆ, ಆದರೂ ಮಹಾಳಿ ಬಂತು ಎಂದು ಶಂಕರ ಭಾವ ಮನೆಯಲ್ಲಿ ಹೇಳಿಕೊಂಡಿದ್ದರು. ಎರಡನೆಯ ಸಲದ ತುತ್ತಿನ ದುಡ್ಡು ಎಲ್ಲಿ ಹೋಯಿತೆಂದು ಅಕ್ಕನಿಗೆ ಇವತ್ತಿಗೂ ಸಂಶಯ.

ಅಕ್ಕ ಒಳಗಿನಿಂದಲೇ ಕೇಳಿದಳು: “ಮಾಸ್ತರರೇ, ಎಷ್ಟು ಸಲ ಹೊಡೆದದ್ದೆಂದು ಅದು ಹೇಳುತ್ತದೆಯೇ?”

“ಸಲ ಹೇಳಲಾರದು. ಪಕ್ಕದ ತೋಟದ್ದಕ್ಕಿಂತ ತಾಮ್ರ ಹೆಚ್ಚೋ ಕಡಿಮೆಯೋ ಎಂದು ಹೋಲಿಸಬಹುದು.”

ಶಂಕರ ಭಾವನ ಸೊಂಟನೋವು ಒಮ್ಮೆಲೇ ಮಾಯವಾಯಿತು. ಎದ್ದು ನಿಂತು, “ಗಾಳಿ ಇದೆಯಲ್ಲ! ಆಚೆಮನೆಯವರು ಹೊಡೆದದ್ದೂ ನಮ್ಮ ಮರಕ್ಕೇ ಹಾರಿ ಬರುತ್ತದೆ,” ಎಂದರು.

“ಹೌದೇ ಭಾವ?” ಆಚೆಮನೆ ಭಾವ ಎಲೆ ಮಡಚಿ ಬಾಯಿಗಿಟ್ಟುಕೊಂಡರು. “ಹಾಗಾದರೆ ಅರ್ಧ ತುತ್ತಿನ ದುಡ್ಡು ನನಗೆ ಕೊಡಿ.”